ಅತ್ತಿಗೆಗೆ ಹತ್ತಕ್ಕೆ ಸೊನ್ನೆ

ಈ ಸಂಗತಿಯನ್ನು ಹೇಳಿಬಿಡಬೇಕೆಂದು ಒಂದೂವರೆ ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಮೊದಲು ಬೇಸಿಗೆ ಕಳೆಯಲಿ ಎಂದೆ. ಬೇಸಿಗೆ ಕಳೆಯಿತು. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು, ಹಾಳೆ ಸರಿಯಾಗಿ ಕಾಣತೊಡಗಿದ ಮೇಲೆ ಬರೆಯೋಣ ಎಂದೆ. ಪೊರೆಯನ್ನೂ ತೆಗೆದರು. ಈಗ ಹಾಳೆ ಮಾತ್ರವಲ್ಲ, ಪಕ್ಕದ ಮನೆಯ ಬಾಗಿಲೂ ಸ್ವಚ್ಛವಾಗಿ ಕಾಣುತ್ತದೆ. ಆ ಬಾಗಿಲು ಕಂಡಾಗಲೆಲ್ಲ ನನ್ನ ಕತ್ತು ತಾನಾಗಿಯೇ ಬೇರೆ ಕಡೆ ತಿರುಗುತ್ತದೆ. ಡಾಕ್ಟರು ಕಣ್ಣಿಗೆ ಹನಿ ಬರೆದುಕೊಟ್ಟರು. ಕತ್ತಿಗೆ ಏನೂ ಕೊಡಲಿಲ್ಲ!

ನಾನು ಇಳಕಲ್ಲಿನವನು. ಹತ್ತನೆಯ ಇಯತ್ತೆಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿ ಬಸ್ ಕಂಡಕ್ಟರನಾದೆ. ಹುನಗುಂದ, ಅಮೀನಗಡ, ಬಾಗಲಕೋಟೆ ಎಂದು ಮೂವತ್ತಮೂರು ವರ್ಷ ಕೂಗಿ ನಿವೃತ್ತನಾದೆ. ನಮ್ಮದು ನೇಕಾರರ ಮನೆ. ಅಪ್ಪ ನೇಯ್ದರು, ಅಣ್ಣ ನೇಯ್ದ, ಅಣ್ಣ ತೀರಿಕೊಂಡ ಮೇಲೆ ಅವನ ಮಗ ಮಾಂತೇಶ ನೇಯಿಸುತ್ತಿದ್ದಾನೆ. ನಾನೊಬ್ಬ ಮಾತ್ರ ಸಾಲಿ ಕಲಿತವನೆಂಬ ಗತ್ತಿನಲ್ಲಿ ಮಗ್ಗದ ಕೆಳಗಿನ ಕುಣಿಗೆ ಒಂದು ದಿನವೂ ಕಾಲು ಇಳಿಬಿಟ್ಟವನಲ್ಲ. ಮನೆ ಒಂದೇ, ನಡುವೆ ಗೋಡೆ. ಗೋಡೆಯ ಆ ಕಡೆ ಅಣ್ಣನ ಹೆಂಡತಿ, ಅಂದರೆ ನನ್ನ ಅತ್ತಿಗೆ, ಮತ್ತು ಮಾಂತೇಶನ ಸಂಸಾರ. ಈ ಕಡೆ ನಾನು ಮತ್ತು ನನ್ನಾಕೆ.

ಆ ವರ್ಷ ನಾನು ಇನ್ನೂ ಬದುಕಿದ್ದೇನೆಂದು ಬರೆದುಕೊಡಲು ಬಾಗಲಕೋಟೆಗೆ ಹೋದೆ. ಪಿಂಚಣಿದಾರರು ವರ್ಷಕ್ಕೊಮ್ಮೆ ಇದನ್ನು ಸಾಬೀತುಪಡಿಸಬೇಕು. ನವನಗರದ ಕಚೇರಿಯಲ್ಲಿ ಬೆರಳೊತ್ತಿ ಬದುಕಿದ್ದಾಯಿತು. ಹೊರಗೆ ಬಂದರೆ ಪಕ್ಕದ ಸಭಾಂಗಣದಲ್ಲಿ ಫ್ಯಾನು ತಿರುಗುತ್ತಿತ್ತು, ಚಹಾದ ವಾಸನೆಯೂ ಬರುತ್ತಿತ್ತು. ಒಳಗೆ ಹೋಗಿ ಕುಳಿತೆ. ಅಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ನನ್ನಂಥ ಬಿಳಿ ತಲೆಗಳಿಗೆ ಭಾಷಣ ಮಾಡುತ್ತಿದ್ದರು.

"ವಯಸ್ಸಾದವರು ಕಾಲಿಗೆ ಕೆಲಸ ಕೊಟ್ಟರೆ ಮೆದುಳಿಗೂ ಒಳ್ಳೆಯದು. ನಡೆಯಿರಿ, ಮೆಟ್ಟಿಲು ಹತ್ತಿರಿ. ನಡೆಯುತ್ತ ಮನಸ್ಸಿನಲ್ಲೇ ಲೆಕ್ಕ ಮಾಡಿರಿ. ಕಾಲು, ಕೈ, ತಲೆ ಮೂರೂ ಒಟ್ಟಿಗೆ ದುಡಿದರೆ ನೆನಪು ಚುರುಕಾಗಿ ಉಳಿಯಲು ಸಹಾಯವಾಗುತ್ತದೆ" ಎಂದರು.

ನಾನು ಬೆರಗಾದೆ. ಎಪ್ಪತ್ತೊಂದು ವರ್ಷ ಈ ತಲೆಯನ್ನು ಹೊತ್ತುಕೊಂಡು ತಿರುಗಿದ್ದೇನೆ, ಅದಕ್ಕೂ ಮೊಣಕಾಲಿಗೂ ಇಂಥ ಸಂಬಂಧವಿದೆಯೆಂದು ಯಾರೂ ಹೇಳಿರಲಿಲ್ಲ! ಮರೆವಿನ ರೋಗದ ಬಗ್ಗೆ ಅವರು ಹತ್ತು ಪ್ರಶ್ನೆಗಳ ಒಂದು ಹಾಳೆಯನ್ನೂ ಹಂಚಿದರು. ಅದನ್ನು ಭದ್ರವಾಗಿ ಮಡಚಿ ಜೇಬಿಗಿಟ್ಟುಕೊಂಡು ಎರಡನೆಯ ಕಪ್ ಚಹಾಕ್ಕೆ ಎದ್ದು ಹೋದೆ. ನಾನು ಚಹಾದ ಸಾಲಿನಲ್ಲಿದ್ದಾಗ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರಂತೆ: ಈ ಹಾಳೆ ತಿಳಿವಳಿಕೆಗೆ ಮಾತ್ರ, ಇದನ್ನು ಹಿಡಿದುಕೊಂಡು ಯಾರೂ ಯಾರಿಗೂ ರೋಗವಿದೆಯೆಂದು ತೀರ್ಮಾನ ಕೊಡಬಾರದು. ಇದು ನನಗೆ ತಿಳಿದದ್ದು ಬಹಳ ತಡವಾಗಿ. ಚಹಾ ಮಾತ್ರ ಚೆನ್ನಾಗಿತ್ತು.

ಇಳಕಲ್ಲಿಗೆ ಇಳಿದವನೇ ಹಾಳೆಯನ್ನು ಹತ್ತು ಪ್ರತಿ ಜೆರಾಕ್ಸ್ ಮಾಡಿಸಿದೆ. ಪ್ರಥಮ ಪರೀಕ್ಷಾರ್ಥಿ ನನ್ನಾಕೆ.

"ಕುಂದರು. ನಿನ್ನ ಮೆದುಳ ಪರೀಕ್ಷಾ ಮಾಡ್ತೇನಿ" ಎಂದೆ.

"ರೊಟ್ಟಿ ಬಡಿಯೂದು ಬಿಟ್ಟು ಕುಂದರಲೇನು?"

"ಮೂರು ಸಾಮಾನ ಹೇಳ್ತೇನಿ, ನೆನಪಿಟ್ಕೋ. ಎಮ್ಮಿ, ಛತ್ರಿ, ಸಬ್ಬಸಗಿ. ಐದು ನಿಮಿಷ ಬಿಟ್ಟು ಕೇಳ್ತೇನಿ."

"ಅದಕ್ಕ ಮೊದಲ ನಾ ಕೇಳ್ತೇನಿ ತಡೀರಿ. ಮುಂಜಾನೆ ಮೂರು ಸಾಮಾನ ತರ್ರಿ ಅಂತ ಹೇಳಿ ಕಳಿಸಿದ್ದೆ. ಯಾವ್ಯಾವು?"

ನಾನು ಸ್ವಲ್ಪ ಹೊತ್ತು ಯೋಚಿಸಿದೆ. "ಹಸಿಮೆಣಸಿನಕಾಯಿ."

"ಹೂಂ. ಇನ್ನೆರಡು?"

"ಅವು ಅಷ್ಟೇನು ಮುಖ್ಯ ಅಲ್ಲ."

"ತಂದದ್ದೇನು?"

"ಬಾಳಿಹಣ್ಣು."

ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. ನಾನು ಅವಳಿಗೆ ಹತ್ತಕ್ಕೆ ಒಂಬತ್ತು ಕೊಟ್ಟೆ. ಪರೀಕ್ಷಕನಿಗೆ ಎದುರು ಪ್ರಶ್ನೆ ಹಾಕಿದ್ದಕ್ಕೆ ಒಂದು ಅಂಕ ಕಡಿತ!

ಮರುದಿನ ಹಾಳೆ, ಪೆನ್ನು ಹಿಡಿದು ಪಕ್ಕದ ಮನೆಗೆ ಹೋದೆ. ಅತ್ತಿಗೆಗೆ ಆಗ ಎಪ್ಪತ್ತನಾಲ್ಕು. ನಾನು ಸಾಲಿಗೆ ಹೋಗುವಾಗ ನಮ್ಮ ಮನೆಗೆ ಸೊಸೆಯಾಗಿ ಬಂದವರು. ಬಂದ ವರ್ಷವೇ ಮಗ್ಗಕ್ಕೆ ಕುಳಿತವರು ಇನ್ನೂ ಎದ್ದಿರಲಿಲ್ಲ. ನಮ್ಮ ಸೀರೆಯ ಮೈಯ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ನೇಯುವ ಮುನ್ನ ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಸಾವಿರಾರು ಎಳೆ, ಕೂದಲಿಗಿಂತ ತೆಳು. ನಮ್ಮ ಓಣಿಯಲ್ಲಿ ಆ ಕೆಲಸಕ್ಕೆ ಅತ್ತಿಗೆಯ ಕೈ ಎಂದರೆ ಕೈ. ಅವತ್ತು ಕೂಡ ಬಾದಾಮಿ ಕಡೆಯ ಒಂದು ಮದುವೆಯ ಸೀರೆಗೆ ಕೊಂಡಿ ಹಾಕುತ್ತಿದ್ದರು. ಮದುಮಗಳ ಅಜ್ಜಿ, "ಸೆರಗ ಅಕ್ಕಾರ ಕೈಲೆನ ಆಗಬೇಕು" ಎಂದು ಹೇಳಿ ಕಳಿಸಿದ್ದಳು.

ನಾನು ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತು ಗಂಟಲು ಸರಿಮಾಡಿಕೊಂಡೆ.

"ಅತ್ತಿಗಿ, ಇವತ್ತ ಯಾವ ವಾರ ಹೇಳ್ರಿ?"

ಅತ್ತಿಗೆ ತಲೆ ಎತ್ತಲಿಲ್ಲ. "ಮುನ್ನೂರಾ ಹನ್ನೆರಡು" ಎಂದರು.

ನಾನು ಹಾಳೆಯಲ್ಲಿ ಒಂದು ಸೊನ್ನೆ ಹಾಕಿದೆ.

"ಯಾವ ತಿಂಗಳು?"

"ಮುನ್ನೂರಾ ಹದಿನಾರು."

"ಈಗ ನಾವು ಎಲ್ಲಿ ಕುಂತೇವಿ?"

"ಮುನ್ನೂರಾ ಇಪ್ಪತ್ತು."

"ಅತ್ತಿಗಿ, ನಿಮ್ಮ ಮಗನ ಹೆಸರು?"

"ಮುನ್ನೂರಾ ಇಪ್ಪತ್ನಾಕು."

ಹೆತ್ತ ಮಗನನ್ನು ಮುನ್ನೂರ ಇಪ್ಪತ್ತನಾಲ್ಕು ಎನ್ನುತ್ತಿದ್ದಾರೆ! ನನ್ನ ಕಣ್ಣಲ್ಲಿ ನೀರು ಬಂತು. ಆದರೂ ಪರೀಕ್ಷಕನ ಕರ್ತವ್ಯ ಬಿಡಲಿಲ್ಲ. ಎಮ್ಮೆ, ಛತ್ರಿ, ಸಬ್ಬಸಿಗೆ ನೆನಪಿಟ್ಟುಕೊಳ್ಳಿರಿ ಎಂದೆ. ನೂರರಿಂದ ಏಳೇಳು ಕಳೆಯುತ್ತ ಬನ್ನಿರಿ ಎಂದೆ. ಹತ್ತೂ ಪ್ರಶ್ನೆ ಮುಗಿದಾಗ ಅತ್ತಿಗೆ ಮುನ್ನೂರ ನಲವತ್ತೆಂಟಕ್ಕೆ ಬಂದಿದ್ದರು. ಅಂಗಳಕ್ಕೆ ಬಂದು ವರದಿ ಬರೆದೆ:

‘ಸದರಿ ಮಹಿಳೆಯು ವಾರ, ತಿಂಗಳು, ಸ್ಥಳ, ಮಗನ ಹೆಸರು ಇತ್ಯಾದಿ ಯಾವುದನ್ನೂ ಹೇಳಲು ಶಕ್ತರಿರುವುದಿಲ್ಲ. ಪಡೆದ ಅಂಕ: ಹತ್ತಕ್ಕೆ ಸೊನ್ನೆ. ಸದರಿಯವರನ್ನು ಕೂಡಲೇ ಕೆಲಸದಿಂದ ಬಿಡಿಸತಕ್ಕದ್ದು.’

ಸಂಜೆ ಹುನಗುಂದದಿಂದ ಬಂದ ಮಾಂತೇಶನ ಕೈಗೆ ವರದಿ ಕೊಟ್ಟೆ. ಓದಿ ಅವನ ಮುಖ ಸಣ್ಣದಾಯಿತು.

"ಕಾಕಾ, ಅವ್ವಗ ಹಿಂಗಾಗೇತಿ ಅಂತ ನಮಗ ಗೊತ್ತ ಆಗಲಿಲ್ಲಲ್ಲ!"

"ದಿನಾ ನೋಡಾವರಿಗೆ ಗೊತ್ತಾಗೂದಿಲ್ಲೋ. ಅದಕ್ಕ ಕಲತ ಕಣ್ಣ ಬೇಕು."

"ಮೊನ್ನೆ ನನ್ನ ಕರಿಯಾಕ ಹೋಗಿ ನನ್ನ ಮಗನ ಹೆಸರ ಹಿಡದ ಕರದ್ಲು ನೋಡ್ರಿ."

ಇದು ಜಗತ್ತಿನ ಎಲ್ಲ ತಾಯಂದಿರೂ ಮಾಡುವ ಕೆಲಸ. ನಾನು ಮಾತ್ರ, "ನೋಡಿದೇನು! ನಾ ಅಂದಿಲ್ಲ?" ಎಂದೆ.

"ದವಾಖಾನಿಗೆ ತೋರಸೂಣೇನ್ರಿ?"

"ನಾ ಇರೂವಾಗ ದವಾಖಾನಿ ಯಾಕ? ನಡಿಗಿ, ಮೆಟ್ಟಲಾ, ಲೆಕ್ಕ. ಒಂದು ತಿಂಗಳು ನನ್ನ ಕೈಯಾಗ ಕೊಡು. ಅಲ್ಲೀತನಕ ಮಗ್ಗ ಬಂದ್."

"ನೀವು ಸಾಲಿ ಕಲತಾವರು, ಹ್ಯಾಂಗ ಹೇಳ್ತೀರಿ ಹಂಗ" ಎಂದ. ಈ ಮಾತು ಕೇಳಿ ನನಗೆ ಆದ ಸಂತೋಷವನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ.

ಮುಂಜಾನೆ ಅತ್ತಿಗೆ ಎಂದಿನಂತೆ ಕೈಕಾಲು ತೊಳೆದು ಬಂದರೆ ಅವರ ಜಾಗದಲ್ಲಿ ಮಾಂತೇಶ ಕುಳಿತಿದ್ದ.

"ಅವ್ವಾ, ನೀ ಇನ್ನ ಆರಾಮ ಮಾಡು."

"ಯಾಕೋ? ನಂದೇನ ತಪ್ಪಾತು?"

"ತಪ್ಪೇನಿಲ್ಲವಾ. ಕಾಕಾ ಪರೀಕ್ಷಾ ಮಾಡ್ಯಾರ."

ಅತ್ತಿಗೆ ನನ್ನನ್ನು ನೋಡಿದರು. ನಾನು ದೊಡ್ಡ ಡಾಕ್ಟರನಂತೆ ನಿಧಾನವಾಗಿ ತಲೆ ಆಡಿಸಿದೆ. ಅವರು ಇನ್ನೊಂದೇ ಮಾತು ಕೇಳಿದರು. "ಅರ್ಧಕ್ಕ ನಿಂತ ಸೆರಗಿನ ಕೊಂಡಿ?"

"ನಾ ಮುಗಸ್ತೇನಿ ಬಿಡು" ಎಂದ ಮಾಂತೇಶ.

ಅತ್ತಿಗೆ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತರು. ಐವತ್ತೈದು ವರ್ಷ ಕುಣಿಯೊಳಗೆ ಇಳಿಬಿಟ್ಟ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಮಡಚಿದರು, ಒಮ್ಮೆ ಚಾಚಿದರು. ಓಣಿಯಲ್ಲಿ ಹೋಗುವವರು, "ಅಕ್ಕಾರ, ಆರಾಮ ಇಲ್ಲೇನ್ರಿ?" ಎಂದು ಕೇಳುತ್ತಿದ್ದರು. ಮಗ್ಗ ಬಿಟ್ಟರೆ ಅವರಿಗೆ ಬೇರೆ ಜಗತ್ತಿರಲಿಲ್ಲ. ಆ ಜಗತ್ತನ್ನು ಒಂದು ಜೆರಾಕ್ಸ್ ಹಾಳೆಯಿಂದ ನಾನು ಕಸಿದುಕೊಂಡಿದ್ದೆ.

ನನ್ನಾಕೆ ಕಿಟಕಿಯಿಂದ ನೋಡಿ ಹೇಳಿದಳು. "ಅಕ್ಕಾರ ಬೆರಳ ನೋಡ್ರಿ. ಗಾಳ್ಯಾಗ ಎಳಿ ಹುಡಕಾಕತ್ತಾವು."

"ಅದೂ ರೋಗದ ಲಕ್ಷಣ" ಎಂದು ನಾನು ಡೈರಿಯಲ್ಲಿ ಬರೆದುಕೊಂಡೆ.

ಚಿಕಿತ್ಸೆ ಶುರುವಾಯಿತು. ಟ್ರಂಕಿನಿಂದ ಕಂಡಕ್ಟರಿಕೆಯ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡೆ. ದಿನಾ ಮುಂಜಾನೆ ಅಂಗಳದಲ್ಲಿ ಅತ್ತಿಗೆಯನ್ನು ನಿಲ್ಲಿಸಿ, ಸೀಟಿ ಊದಿ, "ರೈಟ್ ರೈಟ್!" ಎನ್ನುತ್ತಿದ್ದೆ. ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬರುವುದು. ಮೊದಲ ದಿನ ಹಾಲಿನ ಅಂಗಡಿಯ ಹತ್ತಿರ ಅತ್ತಿಗೆ ನನ್ನ ಮುಂದೆ ಹೋದರು. ಹಿಟ್ಟಿನ ಗಿರಣಿಯ ಹತ್ತಿರ ಬಹಳ ಮುಂದೆ ಹೋದರು. ಬಸ್ ಸ್ಟ್ಯಾಂಡು ಬರುವಷ್ಟರಲ್ಲಿ ಅವರು ತಿರುಗಿ ಬರುತ್ತ ನನಗೆ ಎದುರಾದರು! ನಾನು ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತು ಮೊಣಕಾಲು ತಿಕ್ಕುತ್ತಿದ್ದೆ.

"ತಮ್ಮಾ, ನೀ ಮೂವತ್ತಮೂರು ವರ್ಷ ಊರೂರು ತಿರಗಿದಿ ಖರೇ" ಎಂದರು ಅತ್ತಿಗೆ. "ಆದ್ರ ನಡದದ್ದು ಬಸ್ಸು, ನೀ ಅಲ್ಲ."

ಇಷ್ಟು ಚುರುಕಾದ ಮಾತು ಕೇಳಿದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು. ‘ರೋಗಿ ಆಗಾಗ ಸುಸಂಬದ್ಧವಾಗಿ ಮಾತಾಡುತ್ತಾರೆ’ ಎಂದು ಡೈರಿಯಲ್ಲಿ ಬರೆದೆ.

ಮೂರು ವಾರದ ಮೇಲೆ ದೊಡ್ಡ ಚಿಕಿತ್ಸೆ ನಿಶ್ಚಯಿಸಿದೆ. ಬಾದಾಮಿಯ ಗುಹೆಗಳ ಮೆಟ್ಟಿಲು! ಹತ್ತುವಾಗ ನೂರರಿಂದ ಏಳೇಳು ಕಳೆಯುತ್ತ ಹೋಗುವುದು. ಆದಿತ್ಯವಾರ ಮುಂಜಾನೆ ಅತ್ತಿಗೆ, ನಾನು, ನನ್ನಾಕೆ ಮೂವರೂ ಬಸ್ಸಿನಲ್ಲಿ ಹೊರಟೆವು. ಚೀಲದಲ್ಲಿ ರೊಟ್ಟಿ, ಗುರೆಳ್ಳಿನ ಖಾರದ ಹಿಂಡಿ, ಡೈರಿ ಮತ್ತು ಅಷ್ಟೂ ಉತ್ತರಪತ್ರಿಕೆಗಳು.

ಬಾದಾಮಿಯ ಕೆಂಪು ಕಲ್ಲಿನ ಕೆಳಗೆ ನಿಂತು ತಲೆ ಎತ್ತಿ ನೋಡಿದಾಗ ಟೊಪ್ಪಿಗೆ ಬಿತ್ತು. ಎತ್ತಿಕೊಂಡು ಸೀಟಿ ಊದಿದೆ. "ಅತ್ತಿಗಿ, ನನ್ನ ಹಿಂದ ಬರ್ರಿ. ದಣಿವಾದ್ರ ‘ಹೋಲ್ಡಾನ್’ ಅನ್ರಿ, ನಿಲ್ತೇನಿ."

"ಹೂಂ, ನಡಿ."

"ನೂರು" ಎಂದೆ. ನಾಲ್ಕು ಮೆಟ್ಟಿಲು ಹತ್ತಿದೆ. "ತೊಂಬತ್ತಮೂರು." ಮತ್ತೆ ನಾಲ್ಕು. "ಎಂಬತ್ತಾರು." ಆ ಮೆಟ್ಟಿಲುಗಳನ್ನು ಮಾಡಿದವರ ಕಾಲು ನಮಗಿಂತ ಒಂದು ಮೊಳ ಉದ್ದವಿದ್ದಿರಬೇಕು. ಎಂಬತ್ತಾರರಲ್ಲಿ ಏಳು ಕಳೆದರೆ ಎಷ್ಟು? ಕಣ್ಣೆದುರು ಎಂಬತ್ತಾರು ಚುಕ್ಕೆಗಳು ಕುಣಿಯುತ್ತಿದ್ದವೇ ಹೊರತು ಒಂದೂ ಕಳೆಯಲೊಲ್ಲದು! "ಹೋಲ್ಡಾನ್!" ಎಂದೆ. ಕೇಳಲು ಅತ್ತಿಗೆ ಇರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಸೆರಗು ಸೊಂಟಕ್ಕೆ ಸಿಗಿಸಿ, ಒಂದೇ ಲಯದಲ್ಲಿ ಎರಡನೆಯ ಗುಹೆಯ ಮೆಟ್ಟಿಲು ಹತ್ತುತ್ತಿದ್ದರು. ಎಡ, ಬಲ. ಎಡ, ಬಲ. ಉಸಿರಿನ ಸದ್ದೂ ಇಲ್ಲ.

ಹಿಂದೆ ಬೀಳಬಾರದೆಂದು ನಾನು ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತಿದೆ. ಅಲ್ಲಿಗೆ ಮೀನಖಂಡ ಹಿಡಿಯಿತು! "ಅಯ್ಯಯ್ಯೋ" ಎಂದು ಕುಳಿತೆ. ಕುಳಿತದ್ದೇ ತಡ, ದೊಡ್ಡ ಕೋತಿಯೊಂದು ಬಂದು ಚೀಲ ಕಸಿದುಕೊಂಡು ಬಂಡೆಯ ಚಾಚಿನ ಮೇಲೆ ಹೋಗಿ ಕುಳಿತಿತು. ರೊಟ್ಟಿ ತಿಂದಿತು. ಹಿಂಡಿ ಮೂಸಿ ಸೀನಿತು. ಆಮೇಲೆ ಉತ್ತರಪತ್ರಿಕೆಗಳನ್ನು ಒಂದೊಂದಾಗಿ ತೆಗೆದು, ತಿರುವಿ ಮುರುವಿ ನೋಡಿ, ಹರಿದು ಕೆಳಗೆ ಬಿಟ್ಟಿತು. ನನ್ನ ಮೌಲ್ಯಮಾಪನದ ಮೇಲೆ ಮೊದಲ ಸಲ ಬುದ್ಧಿವಂತರೊಬ್ಬರು ಅಭಿಪ್ರಾಯ ಕೊಟ್ಟಿದ್ದರು.

ಕೋತಿಯನ್ನು ಬೆದರಿಸಲು ಶಕ್ತಿಮೀರಿ ಸೀಟಿ ಊದಿದೆ. ಕೋತಿ ಅಲುಗಲಿಲ್ಲ. ಕಾವಲುಗಾರ ಓಡಿ ಬಂದ.

"ಯಾರ್ರಿ ಅದು ಸೀಟಿ ಹೊಡದಾವರು?"

ನನಗೆ ಉಸಿರೇ ಸಿಗಲಿಲ್ಲ. ಕಣ್ಣು ಕತ್ತಲೆ ಬಂದು ಕಲ್ಲಿಗೆ ಒರಗಿದೆ. ಅವನು ಗಾಬರಿಯಾಗಿ ಕೆನ್ನೆ ತಟ್ಟಿದ. "ಅಜ್ಜಾರ, ಯಾವ ಊರ್ರಿ ನಿಮ್ಮದು?"

ಬಾಯಿ ತೆರೆದೆ. "ಹುನಗುಂದ, ಅಮೀನಗಡ..." ಎಂದಿತು ಬಾಯಿ.

"ಇವತ್ತ ಯಾವ ವಾರ ಹೇಳ್ರಿ ನೋಡೂಣು?"

"ಬಾಗಲಕೋಟಿ."

ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದ ನನ್ನಾಕೆಯನ್ನು ಅವನು ಮೆಲ್ಲಗೆ ಕೇಳಿದ. "ಅಮ್ಮಾರ, ಇವರಿಗೆ ಹಿಂಗಾಗಿ ಎಷ್ಟ ದಿನ ಆತ್ರಿ?"

"ನಂದು ಮದಿವಿ ಆದಾಗಿಂದ ಹಿಂಗ ಅದಾರ" ಎಂದಳು.

ಅತ್ತಿಗೆ ಮೇಲಿನಿಂದ ಇಳಿದು ಬಂದರು. ನಾಲ್ಕೂ ಗುಹೆ ನೋಡಿ ಬಂದಿದ್ದರು. ನನ್ನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು, ಗಂಟಾದ ಕಡೆ ಹೆಬ್ಬೆರಳು ಒತ್ತಿದರು. ಸಿಕ್ಕಾದ ದಾರ ಬಿಡಿಸಿದಂತೆ ನೋವು ಬಿಟ್ಟಿತು. ಆಮೇಲೆ ನನ್ನ ತೋಳನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡರು.

"ಎಡಗಾಲ ಇಡು. ಹಾಂ. ಈಗ ಬಲಗಾಲ. ಅವಸರ ಮಾಡಬ್ಯಾಡ ತಮ್ಮಾ."

ಎಪ್ಪತ್ತನಾಲ್ಕರ ಆ ಹೆಗಲು ಒಂಚೂರೂ ಬಾಗಲಿಲ್ಲ. ಇಳಿಯುತ್ತ ಇಳಿಯುತ್ತ ಅವರು ತಾವು ಕಂಡದ್ದನ್ನು ಹೇಳಿದರು. "ಮ್ಯಾಲಿನ ಗುಹಾದಾಗ ಕಂಬಕ್ಕ ಹರಳಿನ ಸಾಲ ಕೆತ್ಯಾರ ನೋಡು, ನಮ್ಮ ಸೀರಿ ದಡಿ ಇದ್ದಂಗ. ಕಲ್ಲಿನ್ಯಾಗ ಹ್ಯಾಂಗ ಎಣಿಸಿ ಕಡದಿರಬೇಕು ಅವರು! ಒಂದು ಕಂಬದಾಗ ಮಾತ್ರ ಈ ಮಗ್ಗಲ ಹದಿನೇಳು, ಆ ಮಗ್ಗಲ ಹದಿನಾರು ಅದಾವು. ಪಾಪ, ಅವರನ್ನೂ ಕೆಲಸದಾಗ ಯಾರರ ಮಾತಾಡಸಿರಬೇಕು."

ಲಕ್ಷ ಜನ ನೋಡಿಹೋದ ಕಂಬ. ಎಣಿಸಿದವರು ಅತ್ತಿಗೆ ಒಬ್ಬರೇ.

ಬನಶಂಕರಿ ಗುಡಿಯ ಮುಂದೆ ಬುಟ್ಟಿಯ ರೊಟ್ಟಿ, ಗಡಿಗೆಯ ಮೊಸರು ಊಟ ಮಾಡಿ ತಿರುಗಿ ಬಸ್ಸು ಹತ್ತಿದೆವು. ಬಸ್ಸು ಊರು ದಾಟಿದ ಮೇಲೆ ಕೇಳಿದೆ.

"ಅತ್ತಿಗಿ, ಅವತ್ತ ನಾ ಪ್ರಶ್ನಿ ಕೇಳಿದಾಗ ನೀವು ಯಾಕ ಹಂಗ ಅಂದ್ರಿ?"

"ಹ್ಯಾಂಗ ಅಂದೆ? ಕೊಂಡಿ ಹಾಕೂವಾಗ ಎಣಿಕಿ ತಪ್ಪಿದ್ರ ಸೆರಗ ಹೋತು. ಬ್ಯಾರೆ ಮಾತು ಬಾಯಾಗ ಬರಬಾರದು. ನೀ ಬಂದು ಒದರಾಕತ್ತಿ. ಮರತೀನಂತ ಎಣಿಕಿ ಜೋರಲೆ ಹೇಳಕೋತ ಕುಂತೆ."

"ಮತ್ತ ಆಮ್ಯಾಲ ಯಾಕ ಹೇಳಲಿಲ್ರಿ?"

ಅತ್ತಿಗೆ ಕಿಟಕಿಯ ಹೊರಗೆ ನೋಡಿದರು. "ನೀ ನೇಕಾರರ ಮನ್ಯಾಗ ಹುಟ್ಟಿದಾಂವ. ನಿನಗ ಇಷ್ಟು ಗೊತ್ತಿರೂದಿಲ್ಲ ಅಂತ ನಾ ಹ್ಯಾಂಗ ತಿಳೀಲಿ? ಬ್ಯಾರೆ ಏನೋ ರೋಗ ಕಂಡಿರಬೇಕು ಅಂತ ಮಾಡಿದ್ನಿ. ನಿಮ್ಮಂಗ ಕಲತಾವರಲ್ಲ ನಾವು."

ಆಮೇಲೆ, ನಾನು ಕೇಳದೆಯೇ, ಬೆರಳು ಮಡಚುತ್ತ ಹೋದರು. "ಮೊದಲ ನೀ ಕೇಳಿದ್ದು ವಾರ. ಅವತ್ತ ಬೇಸ್ತವಾರ. ಎರಡನೇದು ತಿಂಗಳು. ಕಾರ್ತೀಕ. ಮೂರನೇ ಪ್ರಶ್ನಿ, ಎಲ್ಲಿ ಕುಂತೇವಿ ಅಂದಿ. ನಿಮ್ಮ ಅಪ್ಪ ತೋಡಿಸಿದ ಕುಣಿ ಬಾಜೂಕ ಕುಂತಿದ್ವಿ. ನಾಕನೇದು ಮಗನ ಹೆಸರು. ಅದೇನ ಕೇಳೂದು! ಐದನೇದು, ಎಮ್ಮಿ, ಛತ್ರಿ, ಸಬ್ಬಸಗಿ ನೆನಪಿಟ್ಕೋರಿ ಅಂದಿ. ಇನ್ನೂ ಇಟ್ಕೊಂಡೇನಿ. ಬಿಡಲೇನು ಈಗ?"

ಒಂದು ಕೈಯ ಬೆರಳು ಮುಗಿದು ಅತ್ತಿಗೆ ಇನ್ನೊಂದು ಕೈಗೆ ಬಂದರು.

"ಆರನೇದು ನೂರರಾಗ ಏಳೇಳು ಕಳಿ ಅಂದಿ. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು..." ಬಸ್ಸು ಗುಂಡಿಗಳಲ್ಲಿ ಎತ್ತಿ ಎತ್ತಿ ಹಾಕುತ್ತಿತ್ತು. ಅತ್ತಿಗೆ ಎಲ್ಲಿಯೂ ತಡವರಿಸದೆ ಕಳೆಯುತ್ತ ಕಳೆಯುತ್ತ ಕೊನೆಗೆ, "ಎರಡು ಉಳೀತಾವು" ಎಂದರು. ಹತ್ತನೆಯದನ್ನೂ ಹೇಳಿ ಮುಗಿಸಿ ಕಣ್ಣು ಮುಚ್ಚಿ ಒರಗಿದರು. ಮೂರು ವಾರ ಎಲ್ಲ ಪ್ರಶ್ನೆಗಳನ್ನೂ ಸಾಲಾಗಿ ತಲೆಯಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು! ಸೀಟಿ ಕೊರಳಲ್ಲಿ ಕಲ್ಲಿನಂತೆ ಭಾರವಾಯಿತು.

ಸಂಜೆ ಮನೆಗೆ ಬಂದರೆ ಮಾಂತೇಶ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ಅವನೂ ಅವನ ಹೆಂಡತಿಯೂ ಸೇರಿ ಕೊಂಡಿ ಹಾಕಿದ ಮದುವೆಯ ಸೀರೆ ಮೈ ಮುಗಿದು ಸೆರಗಿಗೆ ಬಂದಿತ್ತು. ಎಲ್ಲಿಯೋ ತಪ್ಪಿ, ಎಳೆಗಳು ಸಡಿಲಾಗಿ ಸೆರಗು ವಾರೆ ಹೋಗುತ್ತಿತ್ತು. ಮದುವೆಗೆ ನಾಲ್ಕೇ ದಿನ.

ಅತ್ತಿಗೆ ಹೊಸ್ತಿಲ ಹೊರಗೇ ನಿಂತು, "ನಾ ನೋಡ್ಲೇನು?" ಎಂದರು.

"ಬ್ಯಾಡವಾ. ಕಾಕಾ ಮಗ್ಗ ಮುಟ್ಟಬಾರದು ಅಂತ ಹೇಳ್ಯಾರ."

ಎಲ್ಲರೂ ನನ್ನ ಕಡೆ ನೋಡಿದರು. ಆಗ ನಾನು ಹೇಳಬೇಕಾದದ್ದು ಎರಡೇ ಮಾತು: ಅತ್ತಿಗಿಗೆ ಏನೂ ಆಗಿಲ್ಲ, ತಪ್ಪು ನಂದು. ಬಾಯಿ ತೆರೆದೆ. ದೇವರಾಣೆಗೂ ಅದನ್ನು ಹೇಳಲೆಂದೇ ತೆರೆದೆ. ಹೊರಗೆ ಬಂದದ್ದು ಬೇರೆ.

"ಮುಟ್ಟಲಿ ಬಿಡೋ! ಗುಣ ಆಗ್ಯಾರ! ಬಾದಾಮಿ ಮೆಟ್ಟಲಾ ಹತ್ತಿಸಿದೆನಲ್ಲ, ನನ್ನ ಔಷಧ ಹತ್ತೇತಿ!"

ನನ್ನಾಕೆ ಕೈಯಲ್ಲಿದ್ದ ತಂಬಿಗೆಯನ್ನು ಟಪ್ಪೆಂದು ಕೆಳಗಿಟ್ಟಳು. ಅತ್ತಿಗೆ ನನ್ನನ್ನು ಒಂದು ಗಳಿಗೆ ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಇಷ್ಟು ದಿನ ಹೀಗೆ ಒದ್ದಾಡುತ್ತಿರಲಿಲ್ಲ. ಆಮೇಲೆ ಹೊಸ್ತಿಲು ದಾಟಿ ಒಳಗೆ ಬಂದರು.

ಅವರು ಮೊದಲಿನಿಂದ ಎಣಿಸಲಿಲ್ಲ. ಹಾಸಿನ ಮೇಲೆ ಅಂಗೈ ಬಿಚ್ಚಿಟ್ಟು ಕಣ್ಣು ಮುಚ್ಚಿದರು. ಬೆರಳುಗಳು ಸಾವಿರಾರು ಎಳೆಗಳ ಮೇಲೆ ಮೆಲ್ಲಗೆ ನಡೆಯುತ್ತ ಹೋಗಿ ಒಂದು ಕಡೆ ನಿಂತವು. "ಇಲ್ಲಿ ಐತಿ. ಒಂದರ ಕೊಂಡಿಗೆ ಎರಡು ಬಿದ್ದಾವು." ಮಾಂತೇಶ ಬ್ಯಾಟರಿ ಹಿಡಿದು ನೋಡಿದ. ಅಲ್ಲಿಯೇ ಇತ್ತು! ಅದನ್ನು ಬಿಡಿಸಿ ಕಟ್ಟಿ, ಅತ್ತಿಗೆ ಕುಣಿಗೆ ಕಾಲು ಇಳಿಸಿದರು. ಎಡಗಾಲು ಹಲಗೆ ಒತ್ತಿತು, ಬಲಗೈ ಲಾಳಿಯ ದಾರ ಎಳೆಯಿತು, ತುಟಿ ಸದ್ದಿಲ್ಲದೆ ಎಣಿಸಿತು. ಬಲಗಾಲು. ಎಡಗಾಲು. ವಾರೆ ಹೋಗುತ್ತಿದ್ದ ಕೆಂಪು ಸೆರಗು ನೆಟ್ಟಗಾಗುತ್ತ ಬಂತು.

ಕಾಲು, ಕೈ, ತಲೆ. ಡಾಕ್ಟರಮ್ಮ ಹೇಳಿದ್ದು ಇದೇ ಅಲ್ಲವೇ! ಅದನ್ನು ಕೇಳಲು ನಾನು ಬಾಗಲಕೋಟೆಗೆ ಹೋಗಿದ್ದೆ, ನೋಡಲು ಬಾದಾಮಿ ಹತ್ತಿದ್ದೆ. ಹುಟ್ಟಿದಂದಿನಿಂದ ಗೋಡೆಯ ಆಚೆ ಟಕಟಕ ಎನ್ನುತ್ತಿದ್ದದ್ದೇ ಅದು. ಆ ಸದ್ದಿಗೆ ನಿದ್ದೆ ಕೆಡುತ್ತದೆ ಎಂದು ನಾನು ಎಷ್ಟೋ ಮಧ್ಯಾಹ್ನ ಗೋಡೆ ಬಡಿದವನು. ನೋಡುತ್ತ ನೋಡುತ್ತ ನನ್ನ ಕೈಗಳು ತಾವಾಗಿಯೇ ಜೋಡಿಸಿಕೊಂಡವು. ಕಾಲು ನೋಯುತ್ತಿದೆಯೆಂದು ಮಾಂತೇಶ ನನಗೊಂದು ಕುರ್ಚಿ ಕೊಟ್ಟ.

ಸೀರೆ ವೇಳೆಗೆ ಸರಿಯಾಗಿ ಹೋಯಿತು. ಮುಂದಿನ ಆದಿತ್ಯವಾರ ಓಣಿಯವರೆಲ್ಲ ಸೇರಿ ನನಗೆ ಸನ್ಮಾನ ಮಾಡಿದರು! ಶಾಲು, ಹಾರ, ತೆಂಗಿನಕಾಯಿ. ಮರೆವಿನ ರೋಗವನ್ನು ಔಷಧವಿಲ್ಲದೆ ಗುಣಪಡಿಸಿದ ಮಹನೀಯರು ಎಂದು ಮಾಂತೇಶ ಭಾಷಣ ಮಾಡಿದ. ನಾನು ಬೇಡ ಬೇಡ ಎನ್ನುತ್ತಲೇ ಶಾಲಿಗೆ ಅನುಕೂಲವಾಗುವಂತೆ ಹೆಗಲು ತಗ್ಗಿಸಿದೆ. ಹಿಂದಿನ ಸಾಲಿನಲ್ಲಿ ಕುಳಿತು ಅತ್ತಿಗೆಯೂ ಚಪ್ಪಾಳೆ ತಟ್ಟಿದರು.

ಅಂದಿನಿಂದ ಜನ ನನ್ನಲ್ಲಿಗೆ ಬರತೊಡಗಿದರು. "ನಮ್ಮ ಮಾವಗ ಬಾದಾಮಿ ಎಷ್ಟ ಸಲ ಹತ್ತಸಬೇಕ್ರಿ?" ಎಂದು ಒಬ್ಬ. "ಕಾರಿನ್ಯಾಗ ಕುಂದ್ರಿಸಿ ಕೆಳಗಿಂದ ತೋರಿಸಿದ್ರ ನಡಿತೈತೇನ್ರಿ?" ಎಂದು ಇನ್ನೊಬ್ಬ. ಎಲ್ಲರನ್ನೂ ಬಾಗಲಕೋಟೆಯ ಡಾಕ್ಟರಮ್ಮನ ಕಡೆ ಕಳಿಸಿ ಕೈ ತೊಳೆದುಕೊಂಡೆ. ನನ್ನ ಭಯಂಕರ ವೈದ್ಯಕೀಯ ಜೀವನದಲ್ಲಿ ಸರಿಯಾಗಿ ಮಾಡಿದ್ದು ಅದೊಂದೇ.

ಇಲ್ಲಿಗೆ ಮುಗಿದಿದ್ದರೆ ನಗೆಯ ಮಾತಾಗುತ್ತಿತ್ತು. ಆದರೆ ಗುಣವಾಯಿತು ಎಂದರೆ ರೋಗವಿತ್ತು ಎಂದೇ ಅರ್ಥ ತಾನೇ? ಈಗ ಸೀರೆ ಹೇಳುವವರು, "ಅಕ್ಕಾರ ಕೈ ಚಲೋ ಖರೇ, ಆದ್ರೂ ಇನ್ನೊಬ್ಬರ ಕಡಿಂದ ಒಂದ್ಸಲ ಎಣಿಸಿ ಕಳಸ್ರಿ" ಎನ್ನುತ್ತಾರೆ. ಅತ್ತಿಗೆ ಕೊಂಡಿ ಹಾಕಿ ಮುಗಿಸಿದ ಮೇಲೆ ಮಾಂತೇಶ ಪಕ್ಕದಲ್ಲಿ ಕುಳಿತು ಮೊದಲಿನಿಂದ ಎಣಿಸುತ್ತಾನೆ. ಅವನು ಎಣಿಸಿ ಮುಗಿಸುವವರೆಗೆ ಅವರು ಕೈಕಟ್ಟಿ ಕಾಯುತ್ತಾರೆ. ಇದುವರೆಗೆ ಒಂದು ಎಳೆಯೂ ತಪ್ಪು ಸಿಕ್ಕಿಲ್ಲ. ಎಣಿಸುವುದೂ ನಿಂತಿಲ್ಲ. ನಿಜ ಏನೆಂದು ಅವರು ಮಗನಿಗೂ ಹೇಳಿಲ್ಲ. ಹೇಳಿದರೆ ನನ್ನ ಮರ್ಯಾದೆ ಹೋಗುತ್ತದಲ್ಲ!

ಕ್ಷಮೆ ಕೇಳಲೆಂದು ನಾನು ಎಷ್ಟೋ ಸಲ ಹೋಗಿದ್ದೇನೆ. ಅವರು ತಲೆ ಎತ್ತಿ, "ಏನ ತಮ್ಮಾ?" ಎಂದ ಕೂಡಲೇ, "ಒಂಚೂರು ಹೆಪ್ಪು ಬೇಕಿತ್ರಿ" ಎಂದುಬಿಡುತ್ತೇನೆ. ಒಂದೂವರೆ ವರ್ಷದಿಂದ ನಮ್ಮ ಮನೆಯಲ್ಲಿ ಮೊಸರಿಗೆ ಬರವಿಲ್ಲ.

ಅದಕ್ಕೇ ಈಗ ಬರೆದು ತಿಳಿಯಪಡಿಸುತ್ತಿದ್ದೇನೆ. ನನ್ನ ಅತ್ತಿಗೆಗೆ ಯಾವ ರೋಗವೂ ಇರಲಿಲ್ಲ, ಈಗಲೂ ಇಲ್ಲ. ನಾನು ಗುಣಪಡಿಸಿದ್ದು ಏನೂ ಇಲ್ಲ. ಮಾಂತೇಶಾ, ಎಣಿಸುವುದನ್ನು ಇವತ್ತೇ ನಿಲ್ಲಿಸು. ಶಾಲು ನನ್ನ ಹತ್ತಿರವೇ ಇದೆ, ತಿರುಗಿ ತೆಗೆದುಕೊಂಡು ಹೋಗಬಹುದು.

ಬರೆದದ್ದನ್ನು ನನ್ನಾಕೆಗೆ ಓದಿ ತೋರಿಸಿದೆ. ಅವಳು ಕಣ್ಣೊರೆಸಿಕೊಂಡು ಹೇಳಿದಳು. "ಚಂದ ಬರದೀರಿ. ಆದ್ರ ಅಕ್ಕಾರಿಗೆ ಓದಾಕ ಬರೂದಿಲ್ಲಲ್ರಿ?"

ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ. ಅಂಥ ಶೂರ ನಾನು!

ಮೈದುನನಾದವನು ಅತ್ತಿಗೆಯ ಹೆಸರು ಹಿಡಿಯುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಊರವರು ರೋಗದ ಸುದ್ದಿಯನ್ನು ಹೆಸರು ಹಿಡಿದೇ ಆಡಿದರು. ಅದು ಸುಳ್ಳೆಂಬ ಮಾತಿಗೂ ಹೆಸರಿರಲಿ. ನಾನು ಇನ್ನೂ ಕ್ಷಮೆ ಕೇಳದವರ ಹೆಸರು ಬಸಲಿಂಗವ್ವ.